ಕಿವಿಗೆ ಹಿಡಿದ ಹಕ್ಕಿ

ವೈದ್ಯರು ನನ್ನ ಅನ್ನ ಕಿತ್ತುಕೊಂಡು ನವಣೆ ವಿಧಿಸಿದ್ದಾರೆ. ಮೊನ್ನೆ ಮನೆಯಾಕೆ ಅದರ ಪೊಟ್ಟಣ ಕತ್ತರಿಸಿದಾಗ ಒಣ ಹೊಟ್ಟಿನ, ಸ್ವಲ್ಪ ಧೂಳಿನ ವಾಸನೆ ಬಂತು. ಆ ಕ್ಷಣಕ್ಕೆ ನಾನು ಕುಮಾರಸ್ವಾಮಿ ಲೇಔಟಿನ ಒಂದು ಮೂರನೇ ಮಹಡಿಯಲ್ಲಿ ನಿಂತಿದ್ದೆ. ಅಲ್ಲಿ ಇದನ್ನು ಹಕ್ಕಿಗಳು ತಿನ್ನುತ್ತಿದ್ದವು. ಈಗ ನನ್ನ ಸರದಿ.

ಆ ಮಹಡಿಯಲ್ಲಿದ್ದವರು ನಮ್ಮ ಕಡೆಯ ಪಕ್ಷಿಪಾಲಕರ ಸಂಘದ ಕಾರ್ಯದರ್ಶಿಗಳು. ನಿವೃತ್ತನಾದ ಮೇಲೆ, ಮನೆಯಲ್ಲಿ ನನಗೆ ಎದುರಾಡದ ಜೀವ ಒಂದಾದರೂ ಇರಲಿ ಎಂದು ನಾನು ಒಂದು ಹಳದಿ ಗಂಡು ಕ್ಯಾನರಿ ಹಕ್ಕಿ ತಂದಿದ್ದೆ. ಸೊಗಸಾಗಿ ಹಾಡುತ್ತದೆಂದು ಅಂಗಡಿಯವನು ಪ್ರಮಾಣ ಮಾಡಿದ್ದ. ಮನೆಗೆ ಬಂದದ್ದೇ ಅದು ಮೌನವ್ರತ ಹಿಡಿಯಿತು. ಸಂಘಕ್ಕೆ ಸೇರಿದರೆ ದಾರಿ ಸಿಕ್ಕೀತೆಂದು ಅರ್ಜಿ ಬರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದೆ.

ಅರ್ಜಿಯನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. "ಹಕ್ಕಿ ಎಲ್ಲಿ ಸಾರ್? ಬರೀ ನಿಮ್ಮನ್ನ ಸೇರಿಸ್ಕೊಂಡು ನಾನೇನ್ ಮಾಡ್ಲಿ?" ಎಂದರು.

ಮರುದಿನ ಪಂಜರದೊಂದಿಗೆ ಹಾಜರಾದೆ. ಹೊಸ ಸದಸ್ಯರ ಹಕ್ಕಿಯನ್ನು ಕಾರ್ಯದರ್ಶಿಗಳು ಅಂಗೈಯಲ್ಲಿ ಹಿಡಿದು, ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳುವುದು ಸಂಘದ ಪದ್ಧತಿ. ನಾಡಿ ನೋಡುವ ಪಂಡಿತರ ಗಾಂಭೀರ್ಯ ಅವರ ಮುಖದಲ್ಲಿತ್ತು.

"ಟಿಕ್ ಟಿಕ್ ಅಂತಿದೆ. ಉಸಿರಿನ ಕೊಳವೇಲಿ ಹುಳ. ಹಾಡೋದಿರ್ಲಿ, ಬದುಕಿರೋದೇ ದೊಡ್ಡದು. ಬನ್ನಿ, ನೀವೂ ಕೇಳಿ."

ಕೇಳಿದೆ. ಉಗುರಿನಿಂದ ಉಗುರನ್ನು ಮೀಟಿದಷ್ಟು ಸಣ್ಣ ಸದ್ದು. ಅವರು ತಮ್ಮ ಪರಿಚಯದ ಪಶುವೈದ್ಯರಲ್ಲಿಗೆ ಕಳಿಸಿದರು. ತೊಟ್ಟು ತೊಟ್ಟು ಔಷಧ, ತಿಂಗಳುಗಟ್ಟಲೆ ಕಾಯುವಿಕೆ... ಒಂದು ಬೆಳಿಗ್ಗೆ ಹಕ್ಕಿ ಹಾಡಿತು. ಕಾರ್ಯದರ್ಶಿಗಳಿಗೆ ಕರೆ ಮಾಡಿ ಫೋನನ್ನು ಪಂಜರಕ್ಕೆ ಹಿಡಿದೆ. ಹಾಡು ಮುಗಿಯುವ ತನಕ ಕೇಳಿದರು. ಆಮೇಲೆ, "ಹೂಂ, ಈಗ ನೀವು ಮೆಂಬರು" ಎಂದರು.

ವರ್ಷಕ್ಕೊಮ್ಮೆ ಬನಶಂಕರಿಯ ಒಂದು ಕಲ್ಯಾಣಮಂಟಪದಲ್ಲಿ ಸಂಘದ ಪ್ರದರ್ಶನ ನಡೆಯುತ್ತಿತ್ತು. ಜನ ಸೇರಿದರೆ ಕ್ಯಾನರಿ ಬಾಯಿ ಬಿಡುವುದಿಲ್ಲ. ಆದ್ದರಿಂದ ಹಾಡಿನ ಸ್ಪರ್ಧೆ ವಧುವಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಒಳಗೆ ಹಕ್ಕಿ, ಅದರ ಒಡೆಯ, ತೀರ್ಪುಗಾರರಾಗಿ ಕಾರ್ಯದರ್ಶಿಗಳು, ಅಷ್ಟೇ. ಅಲ್ಲೂ ಅವರು ಕಣ್ಣು ಮುಚ್ಚಿಯೇ ಕೇಳುವವರು. "ಕಣ್ ಬಿಟ್ರೆ ಮಾರ್ಕ್ಸು ಬಣ್ಣಕ್ಕೆ ಹೋಗತ್ತೆ ಸಾರ್" ಎನ್ನುತ್ತಿದ್ದರು. ಎರಡು ವರ್ಷ ನನಗೆ ಚಪ್ಪಾಳೆ ತಟ್ಟುವ ಕೆಲಸವಷ್ಟೇ ಸಿಕ್ಕಿತು.

ಮೂರನೇ ವರ್ಷ, ಸ್ಪರ್ಧೆಗೆ ಎರಡು ದಿನ ಮುಂಚೆ ಹಕ್ಕಿ ಹಾಡು ನಿಲ್ಲಿಸಿತು. ಪುಕ್ಕ ಉದುರುವ ಕಾಲವಿರಬೇಕು ಎಂದುಕೊಂಡು ಒಯ್ದೆ. ಕೋಣೆಯಲ್ಲಿ ಅದು ಕೊಕ್ಕು ತೆರೆಯಿತು, ಗಂಟಲು ಉಬ್ಬಿ ಉಬ್ಬಿ ಇಳಿಯಿತು. ಹಾಡು ಮಾತ್ರ ಬರಲಿಲ್ಲ. ನಾನು ಹತ್ತಿರವೇ ಕುಳಿತಿದ್ದೆ. ಟಿಕ್ ಟಿಕ್ ಎನ್ನುವುದು ಕೇಳಿಸಿತು. ತಲೆ ಎತ್ತಿದರೆ, ಕಾರ್ಯದರ್ಶಿಗಳು ಕಣ್ಣು ಬಿಟ್ಟುಕೊಂಡಿದ್ದರು. ರೆಪ್ಪೆ ಮಿಟುಕಿಸದೆ ಆ ಗಂಟಲನ್ನೇ ನೋಡುತ್ತಿದ್ದರು.

"ಸಖತ್ತಾಗಿ ಹಾಡ್ತು ಸಾರ್" ಎಂದು ಹೇಳಿ ಅಂಕ ಬರೆದುಕೊಂಡರು. ಆ ಸಂಜೆ ಬಹುಮಾನದ ಕಪ್ಪು ನನ್ನ ಪಾಲಾಯಿತು.

ಮನುಷ್ಯರ ಮಾತು ಅವರಿಗೆ ಕೇಳಿಸುತ್ತಿತ್ತು. ಸಣ್ಣ ಸದ್ದುಗಳು ಅವರ ಕಿವಿಯಿಂದ ಹೊರಟುಹೋಗಿದ್ದವು. ಹಿರಿಯರ ಮರ್ಯಾದೆ ಕಾಯಬೇಕೆಂದು ಸುಮ್ಮನಿದ್ದೆ ಎಂದು ನಾನು ಬಹಳ ಕಾಲ ಹೇಳಿಕೊಂಡೆ. ಆದರೆ ಮರ್ಯಾದೆ ಹೋಗಲು ಆ ಕೋಣೆಯಲ್ಲಿ ಬೇರೆ ಯಾರಿದ್ದರು? ನನಗೆ ಆ ಕಪ್ಪು ಬೇಕಿತ್ತು. ಹುಟ್ಟಿದ ಮೇಲೆ ನನಗೆ ಬಂದ ಮೊದಲ ಬಹುಮಾನ ಅದು. ಪಶುವೈದ್ಯರಲ್ಲಿಗೆ ಓಡಿದ್ದರೆ ಸುದ್ದಿ ಕಾರ್ಯದರ್ಶಿಗಳಿಗೆ ಮುಟ್ಟುತ್ತಿತ್ತು, ಬಹುಮಾನದ ಬಣ್ಣ ಬಯಲಾಗುತ್ತಿತ್ತು. ನಾಲ್ಕು ದಿನ ಹೋಗಲಿ ಎಂದುಕೊಂಡೆ. ನಾಲ್ಕನೇ ದಿನ ಹಕ್ಕಿ ಪಂಜರದ ತಳದಲ್ಲಿ ಮಲಗಿತ್ತು.

ಸತ್ತ ಹಕ್ಕಿಯನ್ನು ಕಾರ್ಯದರ್ಶಿಗಳಿಗೆ ತೋರಿಸಿಯೇ ಮಣ್ಣು ಮಾಡಬೇಕು, ಅದೂ ನಮ್ಮ ಪದ್ಧತಿ. ಕರವಸ್ತ್ರದಲ್ಲಿ ಸುತ್ತಿ ಒಯ್ದೆ. ಅವರು ಬಿಚ್ಚಿ, ಅಭ್ಯಾಸಬಲದಿಂದ ಅದನ್ನು ಕಿವಿಗೆ ಹಿಡಿದುಕೊಂಡರು.

"ಟಿಕ್ ಟಿಕ್ ಇತ್ತಾ?"

"ಇತ್ತು."

"ಅವತ್ತು ರೂಮಲ್ಲೂ?"

ಹೌದೆಂದು ತಲೆಯಾಡಿಸಿದೆ.

"ಹೇಳ್ಬೇಕಿತ್ತು ಸಾರ್. ನನಗೆ ಬೇಜಾರಾಗ್ತಿತ್ತು, ಅಷ್ಟೇ. ಹಕ್ಕಿ ಉಳ್ಕೊಳ್ತಿತ್ತು."

ಬೈದಿದ್ದರೆ ಚೆನ್ನಾಗಿತ್ತು. ಕಪ್ಪನ್ನು ಹಿಂದಕ್ಕೆ ಕೊಡುತ್ತೇನೆಂದೆ. "ಇಟ್ಕೊಳ್ಳಿ, ಅದ್ರಲ್ಲಿ ನಿಮ್ಮ ಹೆಸರು ಕೆತ್ತಿಸಿ ಆಗಿದೆ" ಎಂದರು. ಮುಂದಿನ ಸಭೆಯಲ್ಲಿ ಕಾರ್ಯದರ್ಶಿ ಸ್ಥಾನ ಬಿಟ್ಟರು. ಕಾರಣ ಹೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ತಮ್ಮ ಹಕ್ಕಿಗಳನ್ನು ಒಂದೊಂದಾಗಿ ಸದಸ್ಯರಿಗೆ ಕೊಟ್ಟರು. ನನಗೆ ಕೊಡಲಿಲ್ಲ, ನಾನು ಕೇಳಲೂ ಇಲ್ಲ. ಕಳೆದ ವರ್ಷ ಅವರು ತೀರಿಕೊಂಡ ಸುದ್ದಿ ಸಂಘದ ವಾಟ್ಸಾಪ್ ಗುಂಪಿನಲ್ಲಿ, ಪಂಜರ ಮಾರುವ ಎರಡು ಜಾಹೀರಾತುಗಳ ನಡುವೆ ಬಂತು. ಈಗ ಆ ಗುಂಪಿಗೆ ಒಂದು ಲಿಂಕ್ ಒತ್ತಿದರೆ ಸೇರಬಹುದು. ಹಕ್ಕಿ ಎಲ್ಲಿ ಎಂದು ಯಾರೂ ಕೇಳುವುದಿಲ್ಲ.

ಮನೆಯಾಕೆ ಈಗ ನವಣೆ ಅಳೆಯುವುದು ಅದೇ ಕಪ್ಪಿನಲ್ಲಿ. ಸರಿಯಾದ ಅಳತೆಯಂತೆ. ನವಣೆ ಬರೆದುಕೊಟ್ಟ ವೈದ್ಯರು ಅದೇ ದಿನ ನನ್ನ ಕಿವಿಯನ್ನೂ ಪರೀಕ್ಷೆ ಮಾಡಿಸಿದ್ದರು. ಈ ವಯಸ್ಸಿನಲ್ಲಿ ಇಷ್ಟು ಸಣ್ಣ ಸದ್ದೂ ಕೇಳಿಸುವುದು ಅಪರೂಪ, ಪುಣ್ಯವಂತರು ಎಂದರು.