ಮುಟ್ಟಿದವನೋ, ಮುಟ್ಟಿದವಳೋ

ನನ್ನ ಮಗಳಿಗೆ ಹದಿನಾರು ವರ್ಷ. ಹುಟ್ಟಿದ್ದು ಮೈಸೂರಿನಲ್ಲಾದರೂ ಬೆಳೆದದ್ದೆಲ್ಲ ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲೋ ಇಂಗ್ಲಿಷ್ ಬೆರೆಸಿದ ಕನ್ನಡದಲ್ಲೋ ಉತ್ತರ ಕೊಡುತ್ತಾಳೆ. ಇಬ್ಬರಿಗೂ ಅದು ಅಭ್ಯಾಸವಾಗಿಬಿಟ್ಟಿದೆ.

ಎರಡು ವರ್ಷದಿಂದ ಅವಳಿಗೆ ಒಂದು ಜಪಾನಿ ಲೈಟ್ ನಾವೆಲ್‌ನ, ಅಂದರೆ ಹರೆಯದವರಿಗೆಂದು ಸಂಪುಟ ಸಂಪುಟವಾಗಿ ಬರುವ ಕಾದಂಬರಿಯ ಹುಚ್ಚು. ಆತ್ಮಗಳು ಹೊಕ್ಕು ಕೂತ ನಿಧಿಗಳನ್ನು ಹುಡುಕಿಕೊಂಡು ಊರೂರು ಅಲೆಯುವ ಒಬ್ಬ ಯುವಕ, ಅವನಿಗೆ ಅಡುಗೆ ಮಾಡಿಹಾಕುತ್ತ ಜೊತೆಗೆ ನಡೆಯುವ ಒಬ್ಬ ಮುದುಕಿ. ಯಾವ ನಿಧಿಯೂ ಪುಕ್ಕಟೆ ಸಿಗುವುದಿಲ್ಲ. ಮುಟ್ಟಿದವರಿಂದ ಏನಾದರೊಂದನ್ನು ಕಿತ್ತುಕೊಳ್ಳುತ್ತದೆ. ಒಬ್ಬರ ನೆರಳು, ಇನ್ನೊಬ್ಬರ ನಗು. ಇಂಗ್ಲಿಷ್ ಅನುವಾದ ನಾಲ್ಕನೇ ಸಂಪುಟಕ್ಕೇ ನಿಂತುಹೋಯಿತು. ಅವಳು ಬಿಡಲಿಲ್ಲ. ವಾರಾಂತ್ಯದ ತರಗತಿಗೆ ಸೇರಿ ಜಪಾನಿ ಕಲಿತಳು, ಐದನೆಯದನ್ನು ಜಪಾನಿಯಲ್ಲೇ ತರಿಸಿಕೊಂಡು ಊಟದ ಮೇಜಿನ ಮೇಲೆ ಹರಡಿ ಕೂತಳು.

ಒಂದು ಭಾನುವಾರ ಬೆಳಿಗ್ಗೆ ನಾನು ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ಅವಳು ಪೆನ್ಸಿಲ್ ಕೆಳಗಿಟ್ಟಳು.

“ಐ ನೋ ಎವ್ರಿ ವರ್ಡ್ ಅಮ್ಮ, ಬಟ್ ಸೆಂಟೆನ್ಸೇ ಆಗ್ತಿಲ್ಲ ಲಾ,” ಎಂದಳು, ಮಾತಿನ ಕೊನೆಗೆ ಇಲ್ಲಿಯವರ ‘ಲಾ’ ಸೇರಿಸಿ.

“ಇಂಗ್ಲಿಷಿಗೆ ತಿರುಗಿಸೋಕೆ ಹೋಗ್ಬೇಡ. ಅಲ್ಲಿರೋ ಹಾಗೇ ಒಂದೊಂದೇ ಪದದ ಅರ್ಥ ಹೇಳು.”

ಅವಳು ಬೆರಳಿಟ್ಟು ಹೇಳುತ್ತ ಹೋದಳು. ನಾನು ಕನ್ನಡದಲ್ಲಿ ಪೋಣಿಸಿದೆ: “ಬೆಟ್ಟದ ಅಡಿಯಲ್ಲಿ ಮಲಗಿದ್ದ ಕತ್ತಿಯನ್ನು ಮೊದಲು ಮುಟ್ಟಿದವನು ತನ್ನ ಹೆಸರನ್ನು ಮರೆತ ಎಂದು ಪೂಜಾರಿ ಹೇಳಿದ.”

ಒಂದು ಪದವನ್ನೂ ಅದರ ಜಾಗದಿಂದ ಕದಲಿಸಬೇಕಾಗಲಿಲ್ಲ. ನಮ್ಮ ‘ಎಂದು’ ಬರುವ ಕಡೆಯೇ ಅವರದೂ ಒಂದು ‘ಎಂದು’ ಇತ್ತು. ನಾನು ಕಾಣದ ದೇಶ, ಒಂದಕ್ಷರವೂ ಗೊತ್ತಿಲ್ಲದ ಭಾಷೆ. ಅದರೊಳಗೆ ನಮ್ಮಮ್ಮ ಮಾತಾಡುತ್ತಿದ್ದ ಹಾಗೆಯೇ ಮಾತು ಜೋಡಿಸಿದ್ದರು. ಸೊಪ್ಪು ಕೈಯಲ್ಲೇ ಉಳಿಯಿತು.

ಆಮೇಲೆ ಒಂದು ಅನುಮಾನ ಬಂತು. “ಮುಟ್ಟಿದವನು ಅಂದುಬಿಟ್ಟೆ. ಅವನಾ, ಅವಳಾ?”

ಅವಳು ಸಾಲನ್ನು ಮತ್ತೆ ನೋಡಿದಳು. “ಇಲ್ಲಿ ‘ಹಿ’ ಅಂತ ಇಲ್ವೇ ಇಲ್ಲ. ಜಸ್ಟ್ ‘ಪರ್ಸನ್’. ಆದ್ರೆ ಆನ್‌ಲೈನಲ್ಲಿ ಎಲ್ರೂ ‘ಹಿ’ ಅಂತಾನೇ ಹೇಳೋದು. ವಿಲನ್ ಅಂದ್ಕೊಂಡಿದಾರೆ.”

“ಆ ಅಡುಗೆ ಮುದುಕಿ ಹೆಸರೇನು?”

ಅವಳು ಎದ್ದು ಹೋಗಿ ಹಳೆಯ ನಾಲ್ಕು ಸಂಪುಟಗಳನ್ನೂ ತಂದಳು. ಪುಟ ತಿರುಗಿಸುತ್ತ ತಿರುಗಿಸುತ್ತ ಅವಳ ಕೈ ನಿಧಾನವಾಯಿತು. “ಶಿ ನೆವರ್ ಸೇಸ್ ಇಟ್,” ಎಂದಳು ಸಣ್ಣ ದನಿಯಲ್ಲಿ. “ಹಾಗಾದ್ರೆ ಮುಟ್ಟಿದವಳು,” ಎಂದೆ. ಅವಳು ತೋಳು ಉಜ್ಜಿಕೊಂಡಳು.

ಅಂದಿನಿಂದ ಭಾನುವಾರಗಳೆಲ್ಲ ಆ ಪುಸ್ತಕಕ್ಕೇ ಮೀಸಲು. ಅವಳು ಪದ ಕೊಡುವುದು, ನಾನು ಕಟ್ಟುವುದು. ಕೊನೆಯ ಅಧ್ಯಾಯ ಮುಟ್ಟಲು ಮೂರು ತಿಂಗಳು ಹಿಡಿಯಿತು. ಅಲ್ಲಿ, ಯಾರೂ ಹತ್ತಿರ ಹೋಗಲು ಹೆದರುವ ಆ ಕತ್ತಿಯನ್ನು ಮುದುಕಿ ಸೌದೆ ಎತ್ತುವ ಹಾಗೆ ಎತ್ತಿಕೊಳ್ಳುತ್ತಾಳೆ. ಯುವಕ ಬೇಡವೆಂದು ಕೂಗುತ್ತಾನೆ. ಅವಳ ಉತ್ತರವನ್ನು ಮಗಳು ಪದ ಪದವಾಗಿ ನನಗೆ ಒಪ್ಪಿಸಲಿಲ್ಲ. ಇಂಗ್ಲಿಷ್ ಬೆರೆಸದೆ, ತಾನೇ ತಡವರಿಸುತ್ತ ಕನ್ನಡದಲ್ಲಿ ಹೇಳಿದಳು:

“ನನ್ನ ಹತ್ರ... ತಗೊಳ್ಳೋಕೆ... ಇದಕ್ಕೆ ಇನ್ನೇನೂ ಉಳ್ದಿಲ್ಲ.”

ಅವಳು ಪುಸ್ತಕ ಮುಚ್ಚಿದಳು.

ಮುಂದಿನ ವಾರ ನಾನೇ ಒಂದು ನೋಟ್‌ಬುಕ್ ತಂದು, ಅಕ್ಷರ ಕಲಿಸು ಎಂದೆ. ಅವಳು ಮೊದಲ ಸಾಲು ಬರೆದು ಓದಿದಳು: ಅ, ಇ, ಉ, ಎ, ಒ. ಎರಡನೆಯ ಸಾಲಿಗೆ ‘ಕ’ ಬರೆದಳು. ಪೆನ್ಸಿಲ್ ಮುಂದೆ ಸರಿಯುವ ಮೊದಲೇ ನನ್ನ ಬಾಯಲ್ಲಿ ಬಂತು: ಕಿ, ಕು, ಕೆ, ಕೊ.

“ಅಮ್ಮ, ಹೌ ಡು ಯು ನೋ?”

“ಇದು ನಮ್ಮ ಕಾಗುಣಿತ ಕಣೇ.”

ಬಹಳ ಹಿಂದೆ ಬೌದ್ಧ ಭಿಕ್ಷುಗಳ ಗ್ರಂಥಗಳ ಜೊತೆ ಈ ಕ್ರಮ ನಮ್ಮ ದೇಶದಿಂದಲೇ ಅಲ್ಲಿಗೆ ಹೋಯಿತೆಂದು ಅವಳ ಜಪಾನಿ ಟೀಚರ್ ಹೇಳಿದ್ದರಂತೆ. ನಾನು ಪೆನ್ಸಿಲ್ ತೆಗೆದುಕೊಂಡು, ಅವಳು ಬರೆದದ್ದರ ಕೆಳಗೆ ಸೊಟ್ಟ ಗೆರೆಯಲ್ಲಿ ಜಪಾನಿ ‘ಅ’ ತಿದ್ದಿದೆ.