ಎಣ್ಣೆ ಹಚ್ಚಿದ ಎದೆ

೧೯೯೪ರಲ್ಲಿ, ಏಳನೆಯ ತರಗತಿಯ ಅರ್ಧಕ್ಕೆ ನಾನು ಶಾಲೆ ಬಿಟ್ಟೆ. ಔರಾದ್-ಬೀದರ್ ಜೀಪು ಓಡಿಸುತ್ತಿದ್ದ ಅಣ್ಣ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಸ್ಟೇರಿಂಗ್ ಹಿಡಿಯುವುದನ್ನು ಕಲಿಸಿದ. ಅವನು ಕಲಿಸಿದ ಕೈಯಿಂದಲೇ ಈಗ ಭಾಲ್ಕಿಯಲ್ಲಿ ಆಂಬ್ಯುಲೆನ್ಸ್ ಓಡಿಸುತ್ತೇನೆ. ನನ್ನಿಂದ ಗಾಡಿ ಎಂದೂ ತಡವಾಗಿಲ್ಲ, ಎದೆ ತಟ್ಟಿ ಹೇಳುತ್ತೇನೆ. ತಡ ಆಗುವುದೆಲ್ಲ ಮನೆಗಳಲ್ಲಿ.

ನಮ್ಮ ಕಡೆ ಎದೆನೋವು ಎಂದರೆ ಮೊದಲು ಗ್ಯಾಸು. ಗ್ಯಾಸು ಎಂದರೆ ಬೆಳ್ಳುಳ್ಳಿ, ಅಜವಾನ ಹಾಕಿ ಕಾಸಿದ ಎಣ್ಣೆ. ಎದೆ, ಬೆನ್ನು ಬಿಡದೆ ತಿಕ್ಕುತ್ತಾರೆ. ಆಮೇಲೆ ನಮಗೆ ಫೋನು. ಇಸಿಜಿ ತೆಗೆಯಲು ಎದೆಗೆ ಅಂಟಿಸುವ ಬಿಲ್ಲೆಗಳು ಎಣ್ಣೆಯ ಮೈಗೆ ನಿಲ್ಲುವುದಿಲ್ಲ, ಗೆರೆ ಕುಣಿಯುತ್ತದೆ. ಗೆರೆ ಸರಿ ಬಂದರೆ ತಾನೆ ಬೀದರಿನ ಡಾಕ್ಟರು ಅದನ್ನು ಫೋನಿನಲ್ಲಿ ನೋಡಿ, ಇದು ಹಾರ್ಟ್ ಅಟ್ಯಾಕೋ ಅಲ್ಲವೋ, ಎಲ್ಲಿಗೆ ಒಯ್ಯಬೇಕು ಎಂದು ಹೇಳುವುದು? "ಎಣ್ಣಿ ಹಚ್ಚಬ್ಯಾಡ್ರಿ" ಎಂದು ಎಷ್ಟು ಕಟ್ಟೆಗಳ ಮೇಲೆ ಕೂತು ಹೇಳಿದ್ದೇನೋ.

ಹೋದ ವರ್ಷ ಸಾಯಗಾಂವದಿಂದ ಕರೆ ಬಂತು. ವಿಳಾಸ ಕೇಳಿದರೆ ಅಣ್ಣನದೇ ಮನೆ.

ಅಣ್ಣ ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದ. ಬೆವರು ಯಾವುದು, ಎಣ್ಣೆ ಯಾವುದು ತಿಳಿಯದಂತೆ ಮೈ ಹೊಳೆಯುತ್ತಿತ್ತು. ಅತ್ತಿಗೆ ಎಣ್ಣೆಯ ಬಟ್ಟಲು ಪಕ್ಕದಲ್ಲಿಟ್ಟುಕೊಂಡು ಇನ್ನೂ ಎದೆ ತಿಕ್ಕುತ್ತಿದ್ದರು.

"ವೈನಿ, ಎಣ್ಣಿ ಯಾಕ ಹಚ್ಚಿದ್ರಿ? ಪಂಚಮಿಗಿ ಬಂದಾಗ ಹೇಳಿದ್ದಿಲ್ಲಾ?"

"ನೀ ಮಂದಿಗಿ ಹೇಳ್ತಿ ಅಂತ ತಿಳ್ಕೊಂಡೆ ತಮ್ಮಾ. ಇವರಿಗಿ ಬರೇ ಗ್ಯಾಸ್ ಆಗ್ಯದ."

ಅಷ್ಟು ನೋವಿನಲ್ಲೂ ಅಣ್ಣ, "ಬೈಬ್ಯಾಡೋ. ಒಗ್ಗರಣಿ ಹಾಕ್ಯಾಳ, ಕೊತಂಬ್ರಿ ಒಂದ್ ಉಳದದ" ಎಂದ.

ಗಾಡಿಯ ಸಿಸ್ಟರ್ ಸ್ಪಿರಿಟ್ ಹತ್ತಿಯಿಂದ ಒರೆಸಿ ಅಂಟಿಸಿದರು. ಜಾರಿತು. ಮತ್ತೆ ಒರೆಸಿದರು. ಡಾಕ್ಟರು ಫೋನಿನಲ್ಲಿ, "ಇದ್ರಾಗ ಏನೂ ತಿಳಿವಲ್ದು ಸಿಸ್ಟರ್, ಇನ್ನೊಮ್ಮಿ ತಗೀರಿ" ಎಂದರು.

ಹತ್ತಿರದ ಭಾಲ್ಕಿ ಆಸ್ಪತ್ರೆಗೆ ಒಯ್ದು, ಅವರು ಮತ್ತೆ ಬೀದರಿಗೆ ಕಳಿಸಿದರೆ ಅಷ್ಟು ಹೊತ್ತು ಹಾಳು. ಸೀದಾ ಬೀದರಿಗೆ ಓಡಿಸಿ, ದಾರಿಯಲ್ಲಿ ಉಸಿರು ನಿಂತರೆ? ನನಗೆ ಗೊತ್ತಿರುವುದು ರಸ್ತೆ. ಎದೆಯೊಳಗಿನದು ಗೊತ್ತಿಲ್ಲ. ಸಿಟ್ಟಿಗೆ ಎಣ್ಣೆಯ ಬಟ್ಟಲನ್ನು ಒದ್ದೆ.

ವೈನಿ ಒಳಗೆ ಹೋಗಿ ಕಡಲೆಹಿಟ್ಟು ತಂದರು. ದೀಪಾವಳಿಗೆ ಎಣ್ಣೆ ಹಚ್ಚಿಸಿಕೊಂಡ ಮಕ್ಕಳ ಮೈಗೆ ತಿಕ್ಕುವಂತೆ ಅಣ್ಣನ ಎದೆಗೆ ಒಣ ಹಿಟ್ಟು ತಿಕ್ಕಿ, ಬಟ್ಟೆಯಿಂದ ಝಾಡಿಸಿದರು. ಸಿಸ್ಟರ್ ಮತ್ತೊಮ್ಮೆ ಸ್ಪಿರಿಟ್ ಒರೆಸಿದರು. ಈ ಸಲ ಬಿಲ್ಲೆಗಳು ಹಿಡಿದವು. ಗೆರೆ ಸ್ವಚ್ಛ ಬಂತು.

"ದೊಡ್ಡ ಅಟ್ಯಾಕ್ ಅದ. ಭಾಲ್ಕಿದಾಗ ನಿಂದರಬ್ಯಾಡ್ರಿ, ಸೀದಾ ಬರ್ರಿ" ಎಂದರು ಡಾಕ್ಟರು.

ಅಣ್ಣ ಕಲಿಸಿದಂತೆಯೇ ಓಡಿಸಿದೆ. ಅವನು ಉಳಿದ. ಆದರೆ ಇನ್ನಷ್ಟು ಬೇಗ ತಂದಿದ್ದರೆ ಹೃದಯ ಇಷ್ಟು ಕೆಡುತ್ತಿರಲಿಲ್ಲ ಎಂದು ಆಮೇಲೆ ಆಸ್ಪತ್ರೆಯಲ್ಲಿ ಹೇಳಿದರು.

ಮೊನ್ನೆ ಅದೇ ಊರಿಂದ ಮತ್ತೊಂದು ಕರೆ. ಮತ್ತೆ ಎಣ್ಣೆಯ ಎದೆ. ನಾನು ಬಾಯಿ ಮಾಡಿದ್ದಕ್ಕೆ ಆ ಮನೆಯ ಮುದುಕಿ ನನ್ನನ್ನೇ ದಬಾಯಿಸಿದಳು: "ನಿಮ್ಮ ವೈನಿ ಹಚ್ಚಿದ್ದಿಲ್ಲೇನು? ಅದಕ್ಕೇ ನಿಮ್ಮಣ್ಣ ಉಳದಾನ!"



ಈಗ ನನಗಿರುವುದು ಚಿದ್ರಿಯಲ್ಲಿ ಎರಡು ಕೋಣೆಯ ಮನೆ, ಇಬ್ಬರು ಹೆಣ್ಣುಮಕ್ಕಳು, ಒಂದು ಲೈಸೆನ್ಸು, ಗಾಡಿಯಲ್ಲಿ ಒಂದು ಡಬ್ಬಿ ಕಡಲೆಹಿಟ್ಟು, ಮತ್ತು ಹೊಲದ ಬದುವಿನವರೆಗೂ ನಡೆಯಲಾಗದ ಒಬ್ಬ ಅಣ್ಣ.