ರೇಸಿನ ಕಾರಿಗೆ ಗೂಳೂರಿನಲ್ಲಿ ಸ್ಟಾಪು

ಎಂಬತ್ತರ ದಶಕದಲ್ಲಿ ನಾನು ತುಮಕೂರಿನಿಂದ ಕುಣಿಗಲ್ಲಿನ ಶಾಲೆಗೆ ಪಾಠ ಹೇಳಲು ಒಬ್ಬ ಸಾಬರ ಬಾಡಿಗೆ ಕಾರಿನಲ್ಲಿ ಓಡಾಡುತ್ತಿದ್ದೆ. ಅದು ಸ್ವಾತಂತ್ರ್ಯಕ್ಕೂ ಮೊದಲಿನ ಗಾಡಿ. ಒಂದು ಭಾನುವಾರ ಅದೇ ದಾರಿಯಲ್ಲಿ ಹಳೇ ಕಾರುಗಳ ರೇಸು ಇದೆಯೆಂದು ತಿಳಿದಾಗ ಸಾಬರ ಹೆಸರು ಕೊಟ್ಟು ಬಂದವನು ನಾನೇ, ಪಕ್ಕದಲ್ಲಿ ಕೂತವನೂ ನಾನೇ.

ಬೆಂಗಳೂರಿನಿಂದ ಥಳಥಳ ಹೊಳೆಯುವ ಕಾರು ತಂದವರು ಕೈಗವಸು ಹಾಕಿಕೊಳ್ಳುವಷ್ಟರಲ್ಲಿ ನಾವು ಮರಳೂರು ದಾಟಿದ್ದೆವು. ಗೂಳೂರಿನಲ್ಲಿ ಒಬ್ಬ ಅಜ್ಜಿ ಕೈ ಅಡ್ಡ ಹಿಡಿದಳು. ಕಾರು ನಿಂತಿತು.

“ಭಾಯ್, ಇದು ರೇಸು!” ಎಂದೆ.

“ಕೈ ತೋರಿಸಿದೋರ್ನ ಬಿಟ್ಟೋದ್ರೆ ನಾಳೆ ನನ್ ಗಾಡಿ ಯಾರು ಹತ್ತುತಾರೆ ಮೇಷ್ಟ್ರೇ?” ಎಂದರು ಸಾಬರು.

ಅಜ್ಜಿಯ ಜೊತೆ ಅವಳ ಕೋಳಿಯೂ ಹತ್ತಿತು. ಮುಂದೆ ಇನ್ನೂ ಏಳು ಜನ ಹತ್ತಿದರು. ನನ್ನ ತೊಡೆಯ ಮೇಲೆ ಯಾರದೋ ಮಗು ಕೂತು ರೇಸಿನ ನಕ್ಷೆಯನ್ನು ಚೀಪುತ್ತಿತ್ತು. ಆದರೂ ನಾವೇ ಮುಂದಿದ್ದೆವು. ಹೊಳೆಯುವ ಕಾರುಗಳು ರೇಡಿಯೇಟರಿಗೆ ನೀರು ಹುಯ್ಯಿಸಿಕೊಳ್ಳುತ್ತಾ ಹಿಂದೆ ಎಲ್ಲೋ ನಿಂತಿದ್ದವು.

ಕುಣಿಗಲ್ಲಿನಲ್ಲಿ ರೇಸು ಮುಗಿಯುವ ಸುಣ್ಣದ ಗೆರೆ ಕಂಡಿತು. ಇನ್ನು ಹತ್ತೇ ಮಾರು.

“ಇಲ್ಲೇ ನಿಲ್ಸಪ್ಪ, ಇಳೀತೀನಿ,” ಎಂದಳು ಅಜ್ಜಿ.

ಸಾಬರು ನಿಲ್ಲಿಸಿಯೇಬಿಟ್ಟರು. ಇಳಿದವಳು, ಒಂದು ಚಪ್ಪಲಿ ಸೀಟಿನಡಿ ಸೇರಿಕೊಂಡಿದೆಯೆಂದು ಮತ್ತೆ ತಲೆ ಒಳಗೆ ತೂರಿಸಿದಳು. ಅಷ್ಟರಲ್ಲಿ ಮೂರು ಕಾರುಗಳು ನಮ್ಮ ಪಕ್ಕದಲ್ಲೇ ಹಾದು ಗೆರೆ ದಾಟಿದವು. ಜನ ಚಪ್ಪಾಳೆ ತಟ್ಟಿದರು. ನನಗೆ ಪಿತ್ತ ನೆತ್ತಿಗೇರಿತು.

“ಬೇಗ ಆಗ್ಲಿ ಅಜ್ಜೀ!” ಎಂದು ಕಿರುಚಿದೆ.

ಸಿಕ್ಕ ಚಪ್ಪಲಿಯನ್ನು ನಿಧಾನವಾಗಿ ಮೆಟ್ಟಿಕೊಂಡು ಅಜ್ಜಿ ನನ್ನನ್ನು ನೋಡಿದಳು.

“ಅಷ್ಟು ಅರ್ಜೆಂಟಿದ್ದೋನು ಬಸ್ಸಿಗೆ ಬರಬೇಕಿತ್ತು ಕಣಪ್ಪ.”